ಎಡಗೈಯವನನ್ನು ಬಿಟ್ಟ ಚಳಿಗಾಲ

ಬೇಸ್‌ಬಾಲಿನಲ್ಲಿ ಆಟ ನಡೆಯುವಾಗ ಮಾಡುವ ತಪ್ಪಿಗಿಂತ ಆಟ ಇಲ್ಲದ ತಿಂಗಳುಗಳಲ್ಲಿ ಮಾಡುವ ತಪ್ಪು ದೊಡ್ಡದು. ಬೇಸಿಗೆಯಲ್ಲಿ ಒಬ್ಬ ಚೆಂಡು ಕೈಬಿಟ್ಟರೆ ಆ ದಿನದ ಆಟ ಹೋಗುತ್ತದೆ, ಅಷ್ಟೆ. ಚಳಿಗಾಲದಲ್ಲಿ ಕುಳಿತು ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂದು ತಪ್ಪು ಲೆಕ್ಕ ಹಾಕಿದರೆ ಇಡೀ ವರ್ಷ ಹೋಗುತ್ತದೆ. ಹೋದ ಚಳಿಗಾಲದಲ್ಲಿ ನಮ್ಮ ಟೀಮು ಏನು ಮಾಡಿತು ಎಂಬುದರ ಬಗ್ಗೆ ನನಗೆ ಹೇಳುವುದಿದೆ.

ನಮ್ಮ ಟೀಮು ಎಂದರೆ ಅಳಿಯನ ಟೀಮು. ಅಳಿಯ ಮೈಸೂರಿನವನು. ಕಂಪ್ಯೂಟರ್ ಕೆಲಸಕ್ಕೆ ಐರ್ಲೆಂಡಿಗೆ ಬಂದು ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಮನೆ ಮಾಡಿದ. ಮೊಮ್ಮಗಳನ್ನು ನೋಡಿಕೊಳ್ಳಲು ನಾನು ಬಂದೆ. ಈಗ ಅವಳನ್ನು ನೋಡಿಕೊಳ್ಳುವ ಅಗತ್ಯ ಇಲ್ಲ, ನಾನು ಮಾತ್ರ ಇದ್ದೇನೆ. ಆಫೀಸಿನ ಒಬ್ಬ ಅಮೆರಿಕದವನ ಸಹವಾಸದಿಂದ ಅಳಿಯ ಕ್ರಿಕೆಟ್ ಬಿಟ್ಟು ಈ ಆಟ ಹಿಡಿದ. ಕೆಲವು ವರ್ಷ ಆಡಿದ, ಆಮೇಲೆ ಟೀಮನ್ನು ನಡೆಸುವವನೂ ಆದ. ಭಾನುವಾರ ಮನೆಯಲ್ಲಿ ಒಬ್ಬಳೇ ಕುಳಿತು ಗೋಡೆ ನೋಡುವುದಕ್ಕಿಂತ ವಾಸಿ ಎಂದು ನಾನು ಮೈದಾನಕ್ಕೆ ಹೋಗತೊಡಗಿದೆ. ಮೊದಲ ವರ್ಷ ಏನೂ ತಿಳಿಯಲಿಲ್ಲ. ಎರಡನೇ ವರ್ಷಕ್ಕೆ ತಿಳಿಯಿತು. ಒಬ್ಬ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ, ಇನ್ನೊಬ್ಬ ಕೋಲು ಬೀಸುತ್ತಾನೆ, ಹೊಡೆದವ ಮೂರು ಮೂಲೆ ಸುತ್ತಿ ಹೊರಟ ಜಾಗಕ್ಕೇ ಬಂದು ಮುಟ್ಟಬೇಕು. ಎಸೆದದ್ದು ಸರಿಯಾದ ಜಾಗಕ್ಕೆ ಬೀಳದೆ ನಾಲ್ಕು ಸಲ ತಪ್ಪಿದರೆ ಹೊಡೆಯುವವನಿಗೆ ಮೊದಲ ಮೂಲೆ ಬಿಟ್ಟಿ. ಇಷ್ಟು ಗೊತ್ತಾದರೆ ಸಾಕು, ಉಳಿದದ್ದು ಮನುಷ್ಯರನ್ನು ನೋಡುವ ಕೆಲಸ. ಅದು ನನಗೆ ಬರುತ್ತದೆ.

ನಮ್ಮ ಟೀಮಿನಲ್ಲಿ ಎಸೆಯುವವ ಬಂಟ್ವಾಳದ ಕಡೆಯ ಕ್ರೈಸ್ತರ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದವನೇ. ಆಸ್ಪತ್ರೆಯಲ್ಲಿ ನರ್ಸ್. ಎಡಗೈಯವ. ಎಡಗೈಯಲ್ಲಿ ಎಸೆಯುವವರು ಈ ಆಟದಲ್ಲಿ ಕಡಿಮೆ, ಹೊಡೆಯುವವರಿಗೆ ಅವರ ಚೆಂಡು ಬರುವ ದಿಕ್ಕು ಅಭ್ಯಾಸ ಇರುವುದಿಲ್ಲ. ಅವನೂ ಅಳಿಯನೂ ಸೇರಿಯೇ ಟೀಮು ಕಟ್ಟಿದ್ದು. ಅಳಿಯ ಸಾಮಾನು ಹೇರಿಕೊಂಡು ಬೆಳಿಗ್ಗೆ ಬೇಗ ಹೋಗುತ್ತಿದ್ದ. ನನ್ನನ್ನು ಕರೆದುಕೊಂಡು ಹೋಗುತ್ತಿದ್ದವನು ಈ ಎಡಗೈಯವ. ಕಾರಿನಲ್ಲಿ ನಮ್ಮದು ಊರಿನದೇ ಮಾತು. ನಾನು ಕುಂದಾಪುರದ ಕಡೆಯವಳು, ನಮ್ಮ ಅಪ್ಪಯ್ಯ ಯಕ್ಷಗಾನ ಮೇಳದಲ್ಲಿ ವೇಷ ಕಟ್ಟುತ್ತಿದ್ದರು. ಅವನಿಗೂ ಮೇಳ ಗೊತ್ತಿತ್ತು. ಇಗರ್ಜಿಯ ಪಕ್ಕದ ಗದ್ದೆಯಲ್ಲಿ ಯಕ್ಷಗಾನದ ಆಟ ಆದರೆ ಮನೆಯವರೆಲ್ಲ ಚಾಪೆ ತೆಗೆದುಕೊಂಡು ಹೋಗುತ್ತಿದ್ದರಂತೆ.

ಮೇಳಕ್ಕೂ ಈ ಟೀಮಿಗೂ ಹೆಚ್ಚು ವ್ಯತ್ಯಾಸ ಇಲ್ಲ ಎಂದು ನಾನು ಅವನಿಗೆ ಹೇಳುತ್ತಿದ್ದೆ. ಮಳೆ ಹಿಡಿಯುವ ಮೊದಲು ಮೇಳ ಗೆಜ್ಜೆ ಬಿಚ್ಚುತ್ತದೆ. ಮಳೆಗಾಲದಲ್ಲಿ ತಿರುಗಾಟ ಇಲ್ಲ. ಆಗಲೇ ಯಜಮಾನರು ಮುಂದಿನ ವರ್ಷಕ್ಕೆ ಯಾರು ಬೇಕು, ಯಾರು ಬೇಡ ಎಂದು ಯೋಚಿಸುವುದು. ಬೇಕಾದವರನ್ನು ಕರೆಸಿ ವೀಳ್ಯ ಕೊಡುತ್ತಿದ್ದರು. ಎಲೆ ಅಡಿಕೆ ಕೈಗೆ ಬಂತೆಂದರೆ ಆ ವರ್ಷದ ಅನ್ನ ಬಂತು. ಬೇಡದವನಿಗೆ ಬೇಡ ಎಂದು ಯಾರೂ ಹೇಳುತ್ತಿರಲಿಲ್ಲ. ವೀಳ್ಯ ಬರಲಿಲ್ಲ ಎಂದರೆ ಅವನೇ ತಿಳಿದುಕೊಳ್ಳಬೇಕು.

ನಮ್ಮ ಅಪ್ಪಯ್ಯನದು ಹಾರಿ, ಸುತ್ತು ತಿರುಗಿ ಕುಣಿಯುವ ಎಳೆಯ ವೀರರ ವೇಷ. ಮೊಣಕಾಲು ಹೋಯಿತು. ಆ ಮಳೆಗಾಲ ಅವರಿಗೆ ಕರೆ ಬರಲಿಲ್ಲ. ಅಪ್ಪಯ್ಯ ಕಾದರು. ಆಟಿ ತಿಂಗಳು ಕಳೆಯಿತು, ಸೋಣೆ ತಿಂಗಳು ಕಳೆಯಿತು. ಯಜಮಾನರಿಗೆ ಕೆಲಸ ಜಾಸ್ತಿ ಇರಬೇಕು ಎಂದು ಅಮ್ಮನಿಗೆ ಹೇಳುತ್ತಿದ್ದರು. ತಿಳಿಯುವ ಹೊತ್ತಿಗೆ ಬೇರೆ ಮೇಳದವರೆಲ್ಲ ವೇಷಧಾರಿಗಳನ್ನು ಗೊತ್ತು ಮಾಡಿ ಆಗಿತ್ತು. ಆಮೇಲೆ ಅವರು ಹಂಚಿನ ಕಾರ್ಖಾನೆಗೆ ಹೋದರು. ಅವರನ್ನು ಬಿಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕಾಲಿಲ್ಲದವನನ್ನು ಇಟ್ಟುಕೊಂಡು ಯಜಮಾನರು ಏನು ಮಾಡಬೇಕು? ಆದರೆ ಒಂದು ಮಾತು ಹೇಳಿದ್ದರೆ ಸಣ್ಣ ಮೇಳಕ್ಕಾದರೂ ಸೇರುತ್ತಿದ್ದರು. ಈ ಕಥೆಯನ್ನು ನಾನು ಎಡಗೈಯವನಿಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ. ಕಾರಿನಲ್ಲಿ ಮಾತಾಡಲು ನನಗೆ ಬೇರೆ ವಿಷಯವೂ ಇರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಎಡಗೈಯವನ ಕೈ ಸೋತಿತು. ಶುರುವಿನಲ್ಲಿ ಚೆನ್ನಾಗಿ ಎಸೆಯುತ್ತಿದ್ದ. ಆಟ ಬೆಳೆದಂತೆ ಚೆಂಡು ಮೇಲೇ ಉಳಿಯುತ್ತಿತ್ತು, ಎದುರಿನವರು ಹಣ್ಣು ಕಿತ್ತ ಹಾಗೆ ಹೊಡೆಯುತ್ತಿದ್ದರು. ನನಗೂ ಕಂಡಿತು, ಅಳಿಯನಿಗೂ ಕಂಡಿತು. ಸೆಪ್ಟೆಂಬರಿನಲ್ಲಿ ಆಟಗಳು ಮುಗಿದ ಮೇಲೆ ಅಳಿಯ ಊಟಕ್ಕೆ ಕುಳಿತಾಗ ಮುಂದಿನ ವರ್ಷದ ಲೆಕ್ಕ ಹೇಳಿದ. ಎಡಗೈಯವ ಬೇಡ. ಅವನ ಬದಲಿಗೆ ಡನ್‌ಡಾಕ್‌ನಲ್ಲಿ ಓದುತ್ತಿರುವ ಅಮೆರಿಕದ ಹುಡುಗ ಎಸೆಯುತ್ತಾನೆ. ಕೋಲು ಬೀಸಲು ಕಾರ್ಕ್ ಹತ್ತಿರದ ರಿಂಗಾಸ್ಕಿಡಿ ಊರಿನವನನ್ನು ಉಳಿಸಿಕೊಳ್ಳುವುದು.

ಎಡಗೈಯವನ ವಿಷಯಕ್ಕೆ ನಾನು ತಕರಾರು ಮಾಡಲಿಲ್ಲ. ಉಳಿದ ಎರಡಕ್ಕೂ ಮಾಡಿದೆ. ಆ ಅಮೆರಿಕದ ಹುಡುಗ ಬಹಳ ಜೋರಾಗಿ ಎಸೆಯುತ್ತಾನೆ, ಆದರೆ ಎಲ್ಲಿಗೆ ಹೋಗುತ್ತದೆ ಎಂದು ಅವನಿಗೇ ಗೊತ್ತಿಲ್ಲ. ಎದುರಿನವರು ಕೋಲು ಹೆಗಲ ಮೇಲಿಟ್ಟುಕೊಂಡು ನಿಂತರೂ ಸಾಕು, ಒಬ್ಬೊಬ್ಬರಾಗಿ ಮೊದಲ ಮೂಲೆಗೆ ನಡೆದುಕೊಂಡು ಹೋಗುತ್ತಾರೆ. ರಿಂಗಾಸ್ಕಿಡಿಯವನು ಔಷಧಿ ಕಾರ್ಖಾನೆಯ ದೊಡ್ಡ ಆಳು. ಅಷ್ಟು ದೂರದಿಂದ ಮನಸ್ಸು ಬಂದ ವಾರ ಬರುತ್ತಾನೆ. ಬಂದರೆ ಒಂದು ಹೊಡೆಯುತ್ತಾನೆ, ಆಮೇಲೆ ಮೊದಲ ಮೂಲೆಯಲ್ಲಿ ಗಟ್ಟಿ ಕಂಬದ ಹಾಗೆ ನಿಂತಿರುತ್ತಾನೆ. ಚೆಂಡು ಒಂದು ಮಾರು ಆಚೆ ಹೋದರೆ ಕಣ್ಣಲ್ಲೇ ಕಳಿಸಿಕೊಡುತ್ತಾನೆ. ಬಿಡುವುದಾದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬಿಡಿ ಎಂದೆ. ಅಳಿಯ ನಕ್ಕ. ಮಗಳು ಸಾರು ಬಡಿಸಿದಳು.

ಎಡಗೈಯವನಿಗೆ ಯಾವಾಗ ಹೇಳುತ್ತೀರಿ ಎಂದು ಕೇಳಿದೆ.

"ವಿಂಟರ್ ಟ್ರೈನಿಂಗ್‌ಗೆ ಕರೀದಿದ್ರೆ ಅವನಿಗೇ ಅರ್ಥ ಆಗತ್ತೆ ಅತ್ತೆ," ಎಂದ ಅಳಿಯ. "ನಾನು ಬಾಯಿಬಿಟ್ಟು ಹೇಳಿದ್ರೆ ಫ್ರೆಂಡ್‌ಶಿಪ್ ಹಾಳಾಗತ್ತೆ."

ಈ ದೇಶಕ್ಕೆ ಬಂದು ಅವನು ಇದನ್ನು ಚೆನ್ನಾಗಿ ಕಲಿತಿದ್ದ. ಇಲ್ಲಿನವರು ಯಾರಿಗೂ ಇಲ್ಲ ಎನ್ನುವುದಿಲ್ಲ. ಗ್ರ್ಯಾಂಡ್, ಎಂದರೆ ಎಲ್ಲ ಸರಿ, ಎನ್ನುತ್ತಾರೆ, ಆಮೇಲೆ ನೋಡೋಣ ಎನ್ನುತ್ತಾರೆ, ಬೆನ್ನು ತಟ್ಟಿ ಕಳಿಸುತ್ತಾರೆ. ಮನೆಗೆ ಹೋದ ಮೇಲೆ ಅದು ಇಲ್ಲ ಎಂದು ನಾವೇ ಬಿಡಿಸಿಕೊಳ್ಳಬೇಕು. ನಮ್ಮ ಮೇಳದ ಯಜಮಾನರು ಇಲ್ಲಿಗೆ ಬಂದಿದ್ದರೆ ಸುಖವಾಗಿ ಇರುತ್ತಿದ್ದರು.

ನಾನು ಆಗ ಹೆಚ್ಚು ಹೇಳಲಿಲ್ಲ. ಟೀಮು ಅವನದು. ಅಕ್ಟೋಬರ್ ಹಾಗೇ ಹೋಯಿತು. ಎಡಗೈಯವ ಮನೆಗೆ ಬಂದಾಗಲೆಲ್ಲ ಅಳಿಯನಿಗೆ ಮಹಡಿಯಲ್ಲಿ ಮೀಟಿಂಗ್ ಇರುತ್ತಿತ್ತು. ಎಡಗೈಯವ ನನ್ನ ಹತ್ತಿರ ಕುಳಿತು ಚಾ ಕುಡಿದು, ಡ್ಯೂಟಿಗೆ ಹೊತ್ತಾಯಿತು ಎಂದು ಹೋಗುತ್ತಿದ್ದ. ಟ್ರೈನಿಂಗ್ ಯಾವಾಗ ಶುರು ಎಂದು ನನ್ನನ್ನೇ ಕೇಳಿದ. ಅಳಿಯನನ್ನು ಕೇಳು ಎಂದೆ.

ದೀಪಾವಳಿಯ ವಾರ ಭಾನುವಾರ ಮಧ್ಯಾಹ್ನ ಅಳಿಯ ಟೀಮಿನವರಿಗೆಲ್ಲ ಊಟ ಹಾಕಿಸಿದ. ಐರಿಶ್‌ನವರು, ನಮ್ಮವರು, ಹತ್ತಿಪ್ಪತ್ತು ಜನ. ಕುರ್ಚಿ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕುಳಿತರು. ಎಡಗೈಯವ ಕಿಟಕಿಯ ಹತ್ತಿರ ನೆಲದ ಮೇಲೆ ಕುಳಿತಿದ್ದ. ಪಾಯಸ ಆದ ಮೇಲೆ ನಾನು ಇಂಡಿಯನ್ ಅಂಗಡಿಯಿಂದ ತರಿಸಿದ್ದ ವೀಳ್ಯದೆಲೆ ಒರೆಸಿ, ಅಡಿಕೆ ಇಟ್ಟು, ತಟ್ಟೆಯನ್ನು ಅಳಿಯನ ಕೈಗೆ ಕೊಟ್ಟೆ. ಮನೆಯ ಯಜಮಾನ ಹಂಚಲಿ ಎಂದು, ಅಷ್ಟೆ. ಅಳಿಯ ಒಂದು ಕಡೆಯಿಂದ ಕೊಡುತ್ತ ಬಂದ. ಒಬ್ಬ ಐರಿಶ್‌ನವನು ಅಡಿಕೆ ಅಗಿದು, ಕಲ್ಲು ತಿಂದ ಹಾಗಿದೆ ಎಂದು ಮುಖ ಕಿವುಚಿದ, ಎಲ್ಲರೂ ನಕ್ಕರು. ಆ ನಗುವಿನಲ್ಲೇ ಅಳಿಯ ಕಿಟಕಿಯವರೆಗೆ ಬಂದು, ಅಲ್ಲಿಂದ ತಿರುಗಿ ಮೆಟ್ಟಿಲ ಕಡೆಗೆ ಹೋದ. ಬೇಕೆಂದು ಮಾಡಿದ್ದಲ್ಲ. ತಿಂಗಳಿಡೀ ಮುಖ ತಪ್ಪಿಸಿ ಅಭ್ಯಾಸವಾದ ಮನುಷ್ಯ, ತಟ್ಟೆಯನ್ನೂ ತಪ್ಪಿಸಿಕೊಂಡು ಹೋದ. ಮೈಸೂರಿನವನಿಗೆ ಎಲೆ ಅಡಿಕೆ ಎಂದರೆ ಊಟ ಜೀರ್ಣವಾಗುವ ವಸ್ತು.

ಎಡಗೈಯವ ಆ ತಟ್ಟೆಯನ್ನು ನೋಡಿದ. ಕೈ ಅರ್ಧ ಚಾಚಿದ್ದವನು ಹಿಂದೆ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ಎದ್ದು ಬಾಗಿಲ ಹತ್ತಿರ ಹೋಗಿ ಶೂ ಹಾಕಿಕೊಳ್ಳತೊಡಗಿದ. ನಾನು ಹಿಂದೆ ಹೋದೆ.

"ಅಮ್ಮ, ನನಿಗೆ ವೀಳ್ಯ ಬರ್ಲಿಲ್ಲ ಅಲ್ವಾ," ಎಂದ. ತಲೆ ಎತ್ತಲಿಲ್ಲ, ಲೇಸು ಕಟ್ಟುತ್ತಿದ್ದ.

ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಇನ್ನೂ ಎಲೆ ಇದ್ದವು. ಒಂದು ತಂದು ಕೈಗೆ ಕೊಟ್ಟು, ಮರೆತುಹೋಯಿತು ಮಾರಾಯ ಎಂದಿದ್ದರೆ ಅವನು ನಂಬುತ್ತಿದ್ದ. ನಂಬಿಕೊಂಡು ಮಾರ್ಚಿನವರೆಗೆ ಕಾಯುತ್ತಿದ್ದ. ನಾನು ಎಲೆ ತರಲಿಲ್ಲ, ಅಳಿಯನನ್ನು ಕರೆದೆ.

"ಇಲ್ಲಿ ಬನ್ನಿ. ಇವನಿಗೆ ಹೇಳೂದು ಎಂತ ಉಂಟೋ ಅದನ್ನ ಈಗ ಹೇಳಿ."

ಮಗಳು ಅಡುಗೆಮನೆಯಿಂದ, "ಅಮ್ಮ, ಹಬ್ಬದ ದಿನ ಬೇಡ," ಎಂದಳು. ಹಬ್ಬದ ಊಟ ಆಯಿತಲ್ಲ ಎಂದೆ. ಅಳಿಯ ಬಂದು ಕೋಟು ನೇತುಹಾಕುವ ಗೂಟಗಳ ಹತ್ತಿರ ನಿಂತ. ಒಳಗೆ ಎಲ್ಲರೂ ನಗುತ್ತಿದ್ದರು, ನಾವು ಬಾಗಿಲು ಮುಚ್ಚಿಕೊಳ್ಳಬೇಕಾಯಿತು.

"ಈ ಸಲ ನಿನ್ನ ತಗೋತಾ ಇಲ್ಲ ಕಣೋ," ಎಂದ ಅಳಿಯ.

ಎಡಗೈಯವ ಎದ್ದು ನಿಂತ. "ಕೈಯಾ, ಪ್ರಾಯವಾ?"

"ಕೈ."

"ಯಾವಾಗ ಗೊತ್ತಾಯ್ತು ನಿನಿಗೆ?"

"ಆಗಸ್ಟ್‌ನಲ್ಲಿ."

"ಆಗಸ್ಟಿಂದ ದಿನಾ ಭುಜಕ್ಕೆ ಐಸ್ ಇಡ್ತಾ ಇದ್ದೇನೆ ಮಾರಾಯ. ನಿನ್ನ ಟೀಮಿಗೇಂತ."

ಅಳಿಯ ಸಾರಿ ಎಂದ. ಎಡಗೈಯವ ನನ್ನ ಕಡೆ ನೋಡಿ, ಬರ್ತೇನೆ ಅಮ್ಮ ಎಂದು ಹೋದ. ಅವನ ಹೆಂಡತಿ ಕ್ರಿಸ್ಮಸ್ ಕಳೆಯುವವರೆಗೆ ನನ್ನ ಮಗಳ ಫೋನು ಎತ್ತಲಿಲ್ಲ. ಅಳಿಯ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. ಚಟ್ನಿಗೆ ಉಪ್ಪು ಕಡಿಮೆ ಎಂಬುದನ್ನೂ ಮಗಳ ಮೂಲಕವೇ ಹೇಳಿಸಿದ. ಒಳಗೊಳಗೇ ಗುಸುಗುಸು ಎಂದುಕೊಂಡು ವರ್ಷ ಕಳೆಯುವುದಕ್ಕಿಂತ ಎರಡು ತಿಂಗಳ ಮೌನ ವಾಸಿ ಎಂದು ನಾನು ಸುಮ್ಮನಿದ್ದೆ. ಹಬ್ಬದ ದಿನ ಮಾಡಬಾರದಿತ್ತು ಎಂದು ಮಗಳು ಈಗಲೂ ಹೇಳುತ್ತಾಳೆ. ಇರಬಹುದು. ಆದರೆ ಬೇರೆ ದಿನ ಯಾವುದೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಹೊಸ ವರ್ಷಕ್ಕೆ ಮುಂಚೆ ಎಡಗೈಯವ ಇನ್ನೊಂದು ಟೀಮಿನವರನ್ನು ಕೇಳಿಕೊಂಡು ಹೋದ. ಅವರಿನ್ನೂ ಜನ ಹುಡುಕುತ್ತಿದ್ದರು. ಅಷ್ಟೇನೂ ಒಳ್ಳೆಯ ಟೀಮಲ್ಲ.

ಮೇ ತಿಂಗಳಲ್ಲಿ ಅವರಿಗೂ ನಮಗೂ ಆಟ ಬಿತ್ತು. ನಾನು ಹೊದ್ದುಕೊಂಡು ಕುಳಿತಿದ್ದೆ, ಮೇ ಎಂದರೆ ಇಲ್ಲಿ ಸೆಖೆ ಎಂದೇನಲ್ಲ. ದಿಬ್ಬದ ಮೇಲೆ ಅವನನ್ನು ಹುಡುಕಿದೆ. ಅಲ್ಲಿ ಬೇರೆ ಯಾರೋ ಇದ್ದ. ಎಡಗೈಯವ ಮೊದಲ ಮೂಲೆಯಲ್ಲಿ ನಿಂತಿದ್ದ. ಬೇರೆಯವರು ಎಸೆದದ್ದನ್ನು ಅಲ್ಲಿ ಹಿಡಿಯಬೇಕು, ಓಡಿ ಬರುವವನನ್ನು ಔಟ್ ಮಾಡಬೇಕು. ಭುಜಕ್ಕೆ ಕೆಲಸ ಕಡಿಮೆ. ಎಡಗೈಯವರಿಗೆ ಅಲ್ಲಿ ಅನುಕೂಲ, ಹಿಡಿದ ಮೇಲೆ ಮೈ ತಿರುಗಿಸದೆಯೇ ಉಳಿದ ಮೂಲೆಗಳಿಗೆ ಎಸೆಯಬಹುದು. ನಮ್ಮವರು ಹೊಡೆದದ್ದನ್ನೆಲ್ಲ ಅವನು ನೆಲಕ್ಕೆ ಬಗ್ಗಿ ಹಿಡಿದ. ನಮ್ಮ ಮೊದಲ ಮೂಲೆಯಲ್ಲಿ ಆ ಹೊತ್ತಿಗೆ ರಿಂಗಾಸ್ಕಿಡಿಯವನು ಕಂಬ. ನಮ್ಮ ಅಮೆರಿಕದ ಹುಡುಗ ಎದುರಿನವರನ್ನು ಒಬ್ಬರ ಹಿಂದೆ ಒಬ್ಬರಂತೆ ನಡೆಸಿ ಕಳಿಸುತ್ತಿದ್ದ. ಸೋತೆವು.

ಅವನನ್ನು ಬಿಡುವುದೊಂದೇ ದಾರಿ ಎಂದು ನಾವು ಅಂದುಕೊಂಡದ್ದು ತಪ್ಪು. ಬಿಡುವುದೋ ಇಟ್ಟುಕೊಳ್ಳುವುದೋ ಎಂದಷ್ಟೇ ನೋಡಿದೆವು, ಬೇರೆ ಎಲ್ಲಾದರೂ ನಿಲ್ಲಿಸಬಹುದೇ ಎಂದು ಅಳಿಯನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಅಪ್ಪಯ್ಯನಿಗೆ ಕೂಡ ಹಾರದೆ ಕುಳಿತು ಮಾತಾಡುವ ವೇಷ ಕೊಡಬಹುದಿತ್ತೋ ಏನೋ. ಇಷ್ಟು ವರ್ಷದಲ್ಲಿ ಆ ಯೋಚನೆ ನನಗೆ ಬಂದದ್ದು ಆ ದಿನವೇ.

ಆಟ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಹುಲ್ಲಿನ ಮೇಲೆ ಕುಳಿತ. ಎಸೆಯುವ ಆಸೆ ಇಲ್ಲವಾ ಎಂದು ಕೇಳಿದೆ.

"ಉಂಟು ಅಮ್ಮ. ಆದ್ರೆ ಎಸೀಲಿಕ್ಕೆ ಕೊಡುದಿಲ್ಲ ಅಂತ ಸೇರುವ ಮೊದ್ಲೇ ಹೇಳಿದ್ರು. ನಾನು ಸರಿ ಅಂದೆ."

ಅಳಿಯನೂ ಬಂದು ನಿಂತ. ಇಬ್ಬರೂ ಮಳೆಯ ಬಗ್ಗೆ, ಪೆಟ್ರೋಲಿನ ಬಗ್ಗೆ ಮಾತಾಡಿದರು. ಅಷ್ಟಾದರೂ ಆಯಿತು.

ಮೊನ್ನೆ ಊಟದ ಹೊತ್ತಿಗೆ ಅಳಿಯ, ಬರುವ ಚಳಿಗಾಲದಲ್ಲಿ ಅವನನ್ನು ವಾಪಸ್ ಕರೆಯಬೇಕು, ಮೊದಲ ಮೂಲೆಗೆ, ಎಂದ. ಬರುತ್ತಾನಾ ಎಂದು ನನ್ನನ್ನು ಕೇಳಿದ. ಬರುವುದಿಲ್ಲ ಎಂದೇ ನನ್ನ ಲೆಕ್ಕ. ಆದರೂ ಕೇಳಿ, ಇಲ್ಲ ಎನ್ನುವುದಾದರೆ ಅವನೇ ಅನ್ನಲಿ ಎಂದೆ. ಆಮೇಲೆ ಇನ್ನೊಂದು ಕೇಳಿದೆ. ಅವನು ಬಂದರೆ ರಿಂಗಾಸ್ಕಿಡಿಯವನಿಗೆ ಜಾಗ ಇಲ್ಲವಲ್ಲ, ಅದನ್ನು ಅವನಿಗೆ ಯಾವಾಗ ಹೇಳುತ್ತೀರಿ?

ಅಳಿಯ ಅನ್ನಕ್ಕೆ ಮೊಸರು ಹಾಕಿಕೊಂಡು ಕಲಸುತ್ತ ಕುಳಿತ.