ನಾಲ್ಕು ಚುಕ್ಕಿಯ ಆಪರೇಷನ್

ತಂಗಿ ಸುಶೀಲೆಯ ಕೈಗೆ ಒನಕೆ ಕೊಟ್ಟವಳು ನಾನೇ.

ಅವಳ ಗರ್ಭಕೋಶ ತೆಗೆದು ಆಗ ಹದಿನೆಂಟು ದಿನ. ಶಿವಮೊಗ್ಗದಲ್ಲಿ ಲ್ಯಾಪರೊಸ್ಕೋಪಿ, ಸಣ್ಣ ತೂತುಗಳಿಂದಲೇ ಮಾಡುವಂಥದ್ದು. ಸೋಮವಾರ ಆಪರೇಷನ್, ಬುಧವಾರ ಡಿಸ್ಚಾರ್ಜ್. ವಿಶ್ರಾಂತಿಗೆಂದು ಕೊಪ್ಪಕ್ಕೆ, ನನ್ನ ಮನೆಗೆ ಕರೆತಂದೆ. ಹೊಟ್ಟೆಯ ಮೇಲೆ ನಾಲ್ಕು ಚುಕ್ಕಿ, ಅಷ್ಟೇ.

ಇಪ್ಪತ್ತು ವರ್ಷದ ಹಿಂದೆ ನನಗೂ ಗರ್ಭಕೋಶ ತೆಗೆದಿದ್ದರು, ಹೊಟ್ಟೆ ಗೇಣುದ್ದ ಕೊಯ್ದು. ಅಮ್ಮ ಮೂರು ತಿಂಗಳು ಒಂದು ಕೊಡ ನೀರು ಎತ್ತಲು ಬಿಡಲಿಲ್ಲ. ನಮ್ಮ ಕಡೆ ವಿಶ್ರಾಂತಿಯನ್ನು ಅಳೆಯುವುದೇ ಹೊಲಿಗೆಯಿಂದ. ರೋಗಿಯನ್ನು ನೋಡಲು ಹೋದರೆ 'ಎಷ್ಟು ಹೊಲಿಗೆ' ಎಂದು ಮೊದಲು ಕೇಳುತ್ತೇವೆ, 'ಹೇಗಿದ್ದೀರಿ' ಎಂದು ಆಮೇಲೆ. ನೀವೂ ಹಾಗೇ ಅಲ್ಲವೇ?

ಡಿಸ್ಚಾರ್ಜ್ ಹಾಳೆಯಲ್ಲಿ ಆರು ವಾರ ಭಾರದ ಕೆಲಸ ಬೇಡ ಎಂದಿತ್ತು. ಓದಿದ್ದೆ. (ಓದಿರಲಿಲ್ಲ ಎಂದು ಬರೆದರೆ ನನಗೆ ಸುಲಭವಾಗುತ್ತಿತ್ತು.) ಅದು ದೊಡ್ಡ ಗಾಯದವರಿಗೆ ಎಂದು ನಾನೇ ತೀರ್ಮಾನಿಸಿದೆ. ನಾನು ಮೂವತ್ತು ವರ್ಷ ಟೀಚರ್, ಜೊತೆಗೆ ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಐದಕ್ಕೆ ಎದ್ದವರು ಆರೋಗ್ಯವಂತರು, ಏಳಕ್ಕೆ ಎದ್ದವರು ನೆಪ ಹೇಳುವವರು. ಸುಶೀಲೆ ಏಳಕ್ಕೆ ಏಳುತ್ತಿದ್ದಳು.

ಅಂದು ಹಲಸಿನ ಹಪ್ಪಳದ ದಿನ. ಬೆಂದ ತೊಳೆಯನ್ನು ಒರಳಿಗೆ ಹಾಕಿ ಇಬ್ಬರು ಎದುರುಬದುರು ನಿಂತು ಕುಟ್ಟಬೇಕು. ನಾನು ಒಲೆಯ ಮುಂದೆ. ಕುಟ್ಟಲು ಬಂದಿದ್ದವಳು ಪಕ್ಕದ ಮನೆಯ ಲಲಿತ ಒಬ್ಬಳೇ. ಸುಶೀಲೆಯನ್ನು ಕರೆದೆ.

"ಇನ್ನೂ ಸುಸ್ತು ಮಾರಾಯ್ತಿ," ಎಂದಳು ಸುಶೀಲೆ.

"ಎಂತ ಸುಸ್ತು? ಮಲಗಿ ಮಲಗಿ ಬಂದದ್ದು ಅದು. ಏಳು."

"ಬೇಡ ಟೀಚರೇ, ನಾನೊಬ್ಬಳೇ ಕುಟ್ತೀನಿ. ತಡ ಆದ್ರೆ ಆಯ್ತು," ಎಂದಳು ಲಲಿತ.

"ನಾಲ್ಕು ಚುಕ್ಕಿಗೆ ಇಷ್ಟು ಉಪಚಾರವಾ? ಹೀಗೆ ಮುದ್ದು ಮಾಡಿದ್ರೆ ಇವಳು ಮುಂದಿನ ವರ್ಷದ ಹಲಸಿಗೂ ಏಳೋದಿಲ್ಲ."

ಸುಶೀಲೆಯೂ ನಕ್ಕಳು. ಎದ್ದಳು.

ಅರ್ಧ ಗಂಟೆಯಲ್ಲಿ ಒರಳಿನ ಪಕ್ಕ ಕುಸಿದು ಕುಳಿತಳು. ಸೀರೆಯೆಲ್ಲ ರಕ್ತ. ಶಿವಮೊಗ್ಗದವರೆಗೂ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ನರಸಿಂಹರಾಜಪುರ ದಾಟುವಾಗ ಒಮ್ಮೆ ಕೇಳಿದಳು: "ಹಿಟ್ಟು ಮುಚ್ಚಿಟ್ಟು ಬಂದ್ಯಾ?"

ಒಳಗಿನ ಹೊಲಿಗೆ ಬಿಟ್ಟುಹೋಗಿತ್ತು. ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ. "ಚಿಕ್ಕದಾಗಿರೋದು ಹೊರಗಿನ ಗಾಯ ಮಾತ್ರ ಅಮ್ಮ," ಎಂದರು ನನ್ನ ಹಳೆಯ ಆಪರೇಷನ್ನಿನ ಕಥೆ ಕೇಳಿದ ಡಾಕ್ಟರು. "ಒಳಗಿಂದ ತೆಗೆದಿರೋದು ನಿಮಗೂ ಅವರಿಗೂ ಒಂದೇ."

ಈಗ ಶೃಂಗೇರಿಯ ನಮ್ಮ ಅತ್ತಿಗೆ, ತಿಂಗಳುಗಟ್ಟಲೆ ರಕ್ತಸ್ರಾವದಿಂದ ಬಳಲುತ್ತಿರುವವಳು, "ಆ ಆಪರೇಷನ್ ನಂಗೆ ಬೇಡ" ಎನ್ನುತ್ತಿದ್ದಾಳೆ. ಅವಳಿಗೂ ನಿಮಗೂ ಹೇಳುತ್ತೇನೆ: ಆಪರೇಷನ್ ಸರಿಯಾಗಿಯೇ ಆಗಿತ್ತು. ನನ್ನ ಕಾಲದ್ದಕ್ಕಿಂತ ನೋವು ಕಡಿಮೆ, ರಕ್ತ ಹೋದದ್ದೂ ಕಡಿಮೆ. ಆಸ್ಪತ್ರೆಯವರು ಬೇಗ ಮನೆಗೆ ಕಳಿಸಿದರು. ಬೇಗ ಕೆಲಸಕ್ಕೆ ಕಳಿಸಿದವಳು ನಾನು.

ಸುಶೀಲೆ ಹುಷಾರಾಗುತ್ತಿದ್ದಾಳೆ. ಬೈಯಲಿಲ್ಲ. ಮೊನ್ನೆ ಇಷ್ಟೇ ಅಂದಳು: "ಸುಸ್ತು ಅಂದಿದ್ನಲ್ಲ ಅಕ್ಕ."

ಆ ಒಂದು ಮಾತನ್ನು ನಾನು ನಂಬಬೇಕಾದರೆ ಅವಳ ಹೊಟ್ಟೆಯ ಮೇಲೆ ಎಷ್ಟು ಉದ್ದದ ಗಾಯವಿರಬೇಕಿತ್ತು?