ಸೋಲುವುದಕ್ಕೆಂದೇ ಕೂರುವ ಅಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೊದಲ ಮಹಡಿಯ ಮುಂಗೋಣೆಯಲ್ಲಿ, ಊಟದ ಮೇಜನ್ನು ಪೂರ್ತಿ ಮುಚ್ಚಿದ ನಕ್ಷೆಯ ಮುಂದೆ ಒಬ್ಬ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು ದಾಳ ಉರುಳಿಸುತ್ತಾರೆ. ಬಿದ್ದದ್ದು ಒಂದು. "ಥೂ, ಇದರ ಮನೆ ಹಾಳಾಗ!" ಎಂದು ಬೈದು, ತಮ್ಮದೇ ಪಡೆಯ ರಟ್ಟಿನ ಬಿಲ್ಲೆಗಳನ್ನು ಎತ್ತಿ ಡಬ್ಬಿಗೆ ಹಾಕುತ್ತಾರೆ. ಎದುರಿನ ಕುರ್ಚಿಯಲ್ಲಿ ಯಾರೂ ಇಲ್ಲ. ಆ ಕಡೆಯ ದಾಳವನ್ನೂ ಇವರೇ ಉರುಳಿಸಬೇಕು.

ಇದು ಯುದ್ಧದಾಟ. ಹೆಸರು ಕೇಳಿ ಗಾಬರಿ ಬೇಡ. ಹಳೇ ಕಾಲದ ಯಾವುದೋ ಕದನವನ್ನು ನಕ್ಷೆಯ ಮೇಲೆ ಬಿಲ್ಲೆಗಳಲ್ಲಿ ಹೂಡಿ, ಇಬ್ಬರು ಎದುರುಬದುರು ಕೂತು ಆಡುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ಮನೆಯವರ ಬೈಗುಳ ಪುಕ್ಕಟೆ. ಇಂಥ ಆಟ ಕಟ್ಟುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದವರು ಈ ಮನೆಯ ಯಜಮಾನರು. ಆಟಗಾರರ ಬಾಯಲ್ಲಿ ಅವರು 'ಮೇಷ್ಟ್ರು'. ಈಚೆಗೆ ತೀರಿಕೊಂಡರು. ಸಭೆಗಳಾದವು, ಭಾಷಣಗಳಾದವು. ಅವರೆದುರು ಮೂವತ್ತು ವರ್ಷ ಕೂತು ಸೋತವರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಹಾಗೆ ಸೋತವರು ದಾಳ ಹಿಡಿದು ಕೂತಿರುವ ಈ ಹೆಂಗಸು, ಪ್ರೆಸ್ಸಿನಲ್ಲಿ ರಟ್ಟು ಕತ್ತರಿಸುವವರು. ಗಂಡನಿಗೆ ಬೆನ್ನುನೋವು, ಭಾರ ಎತ್ತುವಂತಿಲ್ಲ. ಇಬ್ಬರು ಹೆಣ್ಣುಮಕ್ಕಳ ಓದು ನಡೆದದ್ದು ಇವರ ದುಡಿಮೆಯಲ್ಲೇ. ಬಿಲ್ಲೆ ಕತ್ತರಿಸಿಕೊಳ್ಳಲು ಬಂದಿದ್ದ ಮೇಷ್ಟ್ರು ಒಂದು ದಿನ ಆಟದ ನಿಯಮದ ಪುಸ್ತಕ ಕೊಟ್ಟು, ಓದಿ ಆಡಿ ತೋರಿಸ್ತೀಯಾ ಎಂದರಂತೆ.

"ನಂಗೆ ಇದರ ಗಂಧಗಾಳಿ ಗೊತ್ತಿಲ್ಲ ಸಾರ್ ಅಂದೆ. ಅದಕ್ಕೇ ಕೇಳಿದ್ದು ಅಂದ್ರು!"

ಆವತ್ತಿನಿಂದ ಪದ್ಧತಿ ಒಂದೇ. ಚರಿತ್ರೆಯಲ್ಲಿ ಸೋತ ಕಡೆ ಇವರದು, ಗೆದ್ದ ಕಡೆ ಮೇಷ್ಟ್ರದು. ಪುಸ್ತಕ ಓದಿಕೊಂಡು ಇವರು ಆಡಬೇಕು, ಮೇಷ್ಟ್ರು ತುಟಿ ಬಿಚ್ಚುವಂತಿಲ್ಲ.

"ಒಂದ್ಸಲ ತಪ್ಪಾಗಿ ಓದ್ಕೊಂಡು ಇಡೀ ಸೈನ್ಯಾನ ಹೊಳೇಲಿ ಇಳಿಸ್ಬಿಟ್ಟೆ. ಪುಣ್ಯಾತ್ಮ ಕೆಮ್ಮಲೂ ಇಲ್ಲ. ಆಮೇಲೆ ನೋಡಿದ್ರೆ ಆ ಸಾಲನ್ನೇ ಬೇರೆ ಥರ ಬರೆದಿದ್ರು. ಆಟದ ಪೆಟ್ಟಿಗೆ ಕೊಂಡವರ ಮನೆಗೆಲ್ಲ ನಾನು ಹೋಗಿ ಹೇಳಿಕೊಡೋಕಾಗುತ್ತಾ ಅಂತಿದ್ರು."

ಇವರು 'ಆಯ್ತು' ಅನ್ನುವವರೆಗೆ ಆಟ ಅಚ್ಚಿಗೆ ಹೋಗುತ್ತಿರಲಿಲ್ಲ. ಇವರಿಗೆ ಬೇಕಾದದ್ದು ಗೆಲುವಲ್ಲ. "ಸೋಲು ಗ್ಯಾರಂಟಿ. ಆದ್ರೆ ಕೊನೇ ಗಳಿಗೆವರೆಗೂ ಏನಾದ್ರೂ ಮಾಡೋಕೆ ದಾರಿ ಇರ್ಬೇಕು. ಸುಮ್ನೆ ಕೂತು ಸಾಯೋದಾದ್ರೆ ಅದೆಂಥ ಆಟ?" ಆಟಗಾರರು ಇವರನ್ನು ತಮಾಷೆಗೆ ಕರೆಯುವ ಹೆಸರು, ಸೋಲಕ್ಕ.

ಈಗ ಮೇಜಿನ ಮೇಲಿರುವುದು ಮೇಷ್ಟ್ರ ಕೊನೆಯ ಆಟ, ಒಂದು ಕೋಟೆಯ ಮುತ್ತಿಗೆ. ಗೋಡೆ ಬಿದ್ದ ಮೇಲೆ ಕೋಟೆಯೊಳಗಿನವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಕಾಯಿಲೆ ಬಿದ್ದ ಮೇಷ್ಟ್ರಿಗೆ ಅದನ್ನು ಸರಿಪಡಿಸಲು ಆಗಲಿಲ್ಲ. ಆಟಗಾರರ ಸಂಘದವರಿಗೆ ಅದನ್ನು ಒಂದಕ್ಷರ ಮುಟ್ಟದೆ, ಅವರ ನೆನಪಿಗೆಂದು ಅಚ್ಚು ಹಾಕಿಸುವ ಆಸೆ. ಸೋಲಕ್ಕ ಬೇಡ ಅಂದರು. "ನೀವು ರಟ್ಟು ಕತ್ತರಿಸಿದ್ರೆ ಸಾಕು" ಅಂದುಬಿಟ್ಟರಂತೆ ಸಂಘದ ಕಾರ್ಯದರ್ಶಿ.

"ಮೈಯೆಲ್ಲ ಉರಿದುಹೋಯ್ತು. ಆದ್ರೆ ಸರಿ ಮಾಡೋದು ಹೇಗೆ, ನೀವೇ ಹೇಳಿ ಅಂದ್ರು. ಎಲ್ಲಿ ಚುಚ್ಚುತ್ತೆ ಅಂತ ಹೇಳಬಲ್ಲೆ, ತಿದ್ದೋಕೆ ಬರಲ್ಲ. ಈ ಆಟ ಹೀಗೇ ಹೋದ್ರೆ ಜನ ಏನಂತಾರೆ? ಮುದುಕನಿಗೆ ಕೊನೇಗೆ ಕೈಲಾಗಲಿಲ್ಲ ಅಂತಾರೆ. ಅದನ್ನ ಕೇಳೋಕೆ ನನ್ ಕೈಲಾಗಲ್ಲ." ದಾಳ ಕೈಗೆತ್ತಿಕೊಂಡು, "ಎರಡೂ ಕಡೆ ನಾನೇ ದಾಳ ಹಾಕುವಾಗ ಅಳು ಬರುತ್ತೆ, ಸುಳ್ಳ್ಯಾಕೆ ಹೇಳಲಿ" ಎನ್ನುತ್ತಾರೆ.

ಜಗಳ ಬಗೆಹರಿದದ್ದು ಮೇಷ್ಟ್ರ ಹೆಂಡತಿಯಿಂದ. ಅವರು ಜನ್ಮದಲ್ಲಿ ದಾಳ ಮುಟ್ಟಿದವರಲ್ಲ. "ಇವರ ಆಟದಿಂದ ನಾನು ಈ ಮೇಜಿನ ಮೇಲೆ ಊಟ ಮಾಡಿದ್ದೇ ಕಡಿಮೆ. ಆದ್ರೆ ಇವಳು ಆಯ್ತು ಅನ್ನದೆ ಇವರು ಒಂದನ್ನೂ ಆಚೆ ಬಿಟ್ಟಿಲ್ಲ. ಈಗ ನಾನು ಬಿಡ್ಲಾ? ಅಚ್ಚು ಹಾಕಿಸೋ ಆಸೆ ಇದ್ರೆ ಸಂಘದವರೇ ತಿದ್ದಿಕೊಂಡು ಬಂದು ಇವಳ ಮುಂದೆ ಕೂರಲಿ ಅಂದೆ."

ಹಾಗಾಗಿ ಭಾನುವಾರ ಭಾನುವಾರ ಸಂಘದ ಒಬ್ಬೊಬ್ಬರು ತಮ್ಮ ತಿದ್ದುಪಡಿ ಹಿಡಿದು ಬರುತ್ತಾರೆ, ತುಟಿ ಹೊಲಿದುಕೊಂಡು ಕೂರುತ್ತಾರೆ. ಇಬ್ಬರದು ಬಿದ್ದುಹೋಗಿದೆ. ಈ ಭಾನುವಾರ, ಬೆಳಕು ಹರಿದ ಮೇಲೆ, ಎದುರಿನ ಕುರ್ಚಿಗೆ ಬಂದಿರುವವರು ಅದೇ ಕಾರ್ಯದರ್ಶಿ. ಅವರ ತಿದ್ದುಪಡಿಯಲ್ಲಿ ಗೋಡೆ ಬಿದ್ದ ಮೇಲೂ ಕೋಟೆಯವರಿಗೆ ಒಂದು ದಾರಿಯಿದೆ: ಉಳಿದ ಸಿಪಾಯಿಗಳು ಬಾಗಿಲಲ್ಲಿ ಶತ್ರುವನ್ನು ತಡೆದಷ್ಟು ಹೊತ್ತೂ ಊರಿನ ಜನ ಹಿತ್ತಿಲ ಕಿಂಡಿಯಿಂದ ಪಾರಾಗಬಹುದು. ಸೋಲಕ್ಕ ಪುಸ್ತಕ ತಿರುವುತ್ತಾರೆ, ಒಂದು ಕಡೆ ಎಡವುತ್ತಾರೆ. ಕಾರ್ಯದರ್ಶಿ ಬಾಯಿ ತೆರೆದವರು ಮುಚ್ಚಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೋಟೆ ಬೀಳುತ್ತದೆ. ಅರ್ಧ ಊರು ಆಚೆ ಬಂದಿದೆ, ಇನ್ನರ್ಧ ಒಳಗೇ ಇದೆ.

ಅಕ್ಕ ನಕ್ಷೆಯಿಂದ ಕಣ್ಣು ಕೀಳುವುದಿಲ್ಲ. ಕಾರ್ಯದರ್ಶಿಗೆ ತಡೆಯಲಾಗುವುದಿಲ್ಲ.

"ಹೇಗಿತ್ತು ಅಕ್ಕಾ?"

"ಆಯ್ತು ಅಂತ ಈಗ್ಲೇ ಅನ್ನಲ್ಲ," ಎನ್ನುತ್ತಾ ಅವರು ಬಿದ್ದ ಸಿಪಾಯಿಗಳನ್ನು ಡಬ್ಬಿಯಿಂದ ಮೇಜಿನ ಮೇಲೆ ಸುರಿಯುತ್ತಾರೆ. "ಹೂಡಿ ಇನ್ನೊಂದ್ಸಲ. ಒಳಗುಳಿದವರನ್ನೂ ಆಚೆ ತರಬಹುದಿತ್ತು ನಾನು."