ರೊಟ್ಟಿ ಅಕ್ಕ ಬ್ರೈಟನ್ನಿನ ಸಮುದ್ರಕ್ಕೆ ಉಡಿ ತುಂಬಿದ್ದು

ರೊಟ್ಟಿ ಅಕ್ಕನ ಬೆರಳುಗಳಿಗೆ ಗೆರೆಗಳೇ ಇರಲಿಲ್ಲ. ಕಾದ ಹಂಚಿನ ಮೇಲೆ ವರ್ಷಗಟ್ಟಲೆ ಜೋಳದ ರೊಟ್ಟಿ ತಿರುವಿ ತಿರುವಿ ತುದಿಗಳೆಲ್ಲ ಸವೆದು ನುಣ್ಣಗಾಗಿದ್ದವು. ಹೈದರಾಬಾದಿನ ವೀಸಾ ಕಚೇರಿಯ ಯಂತ್ರ ಹತ್ತು ಬೆರಳಿಗೂ ಒಲ್ಲೆ ಅಂದಿತು. ಅಲ್ಲಿದ್ದ ಹುಡುಗಿ ಒರೆಸಿ, ಒತ್ತಿಸಿ, ಮತ್ತೆ ಒರೆಸಿ ಸುಸ್ತಾದಳು. ಅಕ್ಕನಿಗೆ ನಗು. “ಅವನ್ನ ಹಂಚು ತಿಂದದ ಯವ್ವಾ, ಎಲ್ಲಿಂದ ಸಿಗಬೇಕು?” ಅಂದರು. ಐದನೇ ಸಲಕ್ಕೆ ಯಂತ್ರ ಒಪ್ಪಿಕೊಂಡಿತು.

ಅವರು ಇಂಗ್ಲೆಂಡಿಗೆ ಹೊರಟಿದ್ದಕ್ಕೆ ನನ್ನ ಬಾಯಿಯೇ ಕಾರಣ. ದೇವದುರ್ಗದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತಳಾಗಿ ರಾಯಚೂರಿಗೆ ಬಂದಿದ್ದೆ. ಎದುರುಮನೆಯೇ ಅಕ್ಕನ ರೊಟ್ಟಿ ಅಂಗಡಿ. ಟೂರಿನವರ ಜೊತೆ ಲಂಡನ್ನು, ಎಡಿನ್‌ಬರೋ, ಸಮುದ್ರದಂಡೆಯ ಊರುಗಳನ್ನೆಲ್ಲ ನೋಡಲು ಹೊರಟಿದ್ದೇನೆ ಎಂದು ನಾನು ಓಣಿತುಂಬ ಡಂಗುರ ಸಾರುತ್ತಿದ್ದಾಗ ಅವರು, “ಸಮುದ್ರನೂ ತೋರಸ್ತಾರೇನ್ರಿ?” ಎಂದು ಕೇಳಿದರು. “ಹೌದ್ರಿ, ನೀವೂ ಬರ್ರಿ” ಅಂದೆ. ನಮ್ಮ ಕಡೆ ಬರ್ರಿ ಅನ್ನುವುದು ಬಾಯಿಮಾತು. ಉಣ್ಣಲು ಕೂತವರು ಹಾದಿಹೋಕರಿಗೂ ಅನ್ನುತ್ತಾರೆ, ಯಾರೂ ಬಂದು ಪಕ್ಕದಲ್ಲಿ ಕೂಡುವುದಿಲ್ಲ. ಅಕ್ಕ ಮರುದಿನವೇ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದರು.

ಅಕ್ಕ ಅರಕೇರಾದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗಳನ್ನು ಕಟ್ಟಿಕೊಂಡು ರಾಯಚೂರಿಗೆ ಬಂದು ರೊಟ್ಟಿ ಬಡಿದೇ ಬದುಕಿದವರು. “ಕಣ್ಣಿಲೆ ನೋಡಬ್ಯಾಡ್ರಿ, ಸಪ್ಪಳ ಕೇಳ್ರಿ. ಸಾಕು ಅಂತ ರೊಟ್ಟಿನ ಹೇಳ್ತದ” ಅನ್ನುತ್ತಿದ್ದರು. ನಾನು ಚಿಕುನ್‌ಗುನ್ಯಾ ಬಂದು ಮಲಗಿದ್ದಾಗ ಇಪ್ಪತ್ತು ದಿನ ಬಿಸಿ ನುಚ್ಚು ತಂದುಕೊಟ್ಟರು. ಉಪಕಾರ ಹೊಗಳಲು ಬಾಯಿ ತೆರೆದರೆ, “ಉಣ್ರಿ, ಮಾತು ಆಮ್ಯಾಲ” ಎಂದು ಹೋಗಿಬಿಡುತ್ತಿದ್ದರು. ಇಷ್ಟೆಲ್ಲ ಉಂಡ ಮನುಷ್ಯಳು ನಾನು.

ಲಂಡನ್ನಿನ ಹೋಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಬೆಳಗಿನ ತಿಂಡಿಗೆ ಅಕ್ಕ ಗಂಟು ಬಿಚ್ಚಿ ಖಡಕ್ ರೊಟ್ಟಿ ಮುರಿದರೆ ಇಡೀ ಹಾಲ್ ತಿರುಗಿ ನೋಡುತ್ತಿತ್ತು. ಬಡಿಸುವ ಹುಡುಗಿಗೂ ಶೇಂಗಾ ಚಟ್ನಿ ಹಚ್ಚಿ ಒಂದು ಚೂರು ಕೊಟ್ಟರು. ಅವಳು ತಿಂದು ಇನ್ನೊಂದು ಕೇಳಿದಳು. ನಾನು ಮಾತ್ರ ಎರಡನೇ ದಿನದಿಂದ ಬೇರೆ ಮೇಜಿಗೆ ಹೋಗಿ ಕೂತೆ. ಎಡಿನ್‌ಬರೋ ಕೋಟೆ ನೋಡಿ, “ನಮ್ಮ ರಾಯಚೂರ ಕೋಟಿನೂ ಹಿಂಗ ತೊಳದು ಇಟ್ರ ಇವರೂ ನೋಡಾಕ ಬರ್ತಿದ್ರು” ಅಂದರು. ನಿಜವೇ. ಆದರೂ ಮೆಲ್ಲಗೆ ಮಾತಾಡಿ ಎಂದು ಗದರಿದೆ.

ಬ್ರೈಟನ್ನಿನ ದಂಡೆಯಲ್ಲಿ ಮರಳಿಲ್ಲ, ಬರೀ ಗುಂಡುಗಲ್ಲು. ಅಕ್ಕ ಚಪ್ಪಲಿ ಬಿಟ್ಟು, ಕೈಚೀಲದಿಂದ ಹಸಿರು ಖಣ, ಬಳೆ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು ತೆಗೆದರು.

“ಕೃಷ್ಣಾ ಹೊಳಿಗೆ ಹೋದ್ರ ಮುತ್ತೈದೇರು ಗಂಗವ್ವಗ ಉಡಿ ತುಂಬ್ತಾರ. ಗಂಡ ಸತ್ತಾಗಿಂದ ನನ್ನ ಹಿಂದ ನಿಂದರಸ್ತಾರ್ರಿ. ಇಲ್ಲಿ ನನ್ನ ಯಾರಿಗೆ ಗೊತ್ತದ?”

ಸಮುದ್ರ ಸಮುದ್ರ ಎಂದು ಅವರು ಯಾಕೆ ಹಂಬಲಿಸಿದ್ದರೆಂದು ಆಗ ತಿಳಿಯಿತು. ಆ ಮಾತು ನನ್ನ ಎದೆಗೆ ತಾಗಬೇಕಿತ್ತು. ತಾಗಲಿಲ್ಲ. ಐಸ್‌ಕ್ರೀಂ ಹಿಡಿದು ನೋಡುತ್ತಿದ್ದ ಬಿಳಿಯರಷ್ಟೇ ಕಣ್ಣಿಗೆ ಬಿದ್ದರು. ಹತ್ತು ಹೆಜ್ಜೆ ಹಿಂದೆ ಸರಿದು ನಿಂತೆ.

ಅವರು ಮೊಣಕಾಲುದ್ದ ನೀರಿಗೆ ಇಳಿದು, ಎಲ್ಲವನ್ನೂ ಖಣದಲ್ಲಿಟ್ಟು ತೇಲಿಬಿಟ್ಟರು. ಅಲೆ ಅದನ್ನು ತಿರುಗಿ ಅವರ ಕಾಲ ಬಳಿಗೇ ತಂದಿತು. ದಂಡೆ ಕಾಯುವವನೊಬ್ಬ ಬಂದು, ಸಮುದ್ರಕ್ಕೆ ಏನೂ ಹಾಕಬಾರದೆಂದು ಹೇಳಿದ. ಅಕ್ಕ ಕೈಮುಗಿದು ನನ್ನ ಕಡೆ ನೋಡಿದರು. ಅವನೂ ನೋಡಿದ. ಈಕೆ ನಿಮ್ಮ ಜೊತೆಯವರೇ ಎಂದು ಮರ್ಯಾದೆಯಿಂದಲೇ ಕೇಳಿದ.

“ನೋ” ಅಂದೆ.

ಎಲ್ಲವನ್ನೂ ಎತ್ತಿಕೊಳ್ಳುವಂತೆ ಅವನು ಅಕ್ಕನಿಗೆ ಕೈಸನ್ನೆ ಮಾಡಿದ. ಅಕ್ಕ ಬಗ್ಗಿ ಬಳೆಗಳನ್ನು ಒಂದೊಂದಾಗಿ ಆಯ್ದು, ಒದ್ದೆ ಖಣದ ಸಮೇತ ತಮ್ಮ ಸೆರಗಿಗೇ ಹಾಕಿಕೊಂಡರು. ನಾನು ಅಂಗಡಿಯ ಬೋರ್ಡು ಓದುತ್ತ ನಿಂತಿದ್ದೆ.

ಬಸ್ಸಿನಲ್ಲಿ ಕೇಳಿದರು: “ಅವ ನಿಮಗ ಏನ್ ಕೇಳಿದ್ರಿ?”

“ಟೈಮ್ ಕೇಳಿದ.”

“ಹೌದಾ” ಎಂದು ಕಿಟಕಿಯ ಕಡೆ ತಿರುಗಿದರು.

ಊರಿಗೆ ಬಂದ ಮೇಲೆ ಅಂಗಡಿಗೆ ಬಂದವರಿಗೆಲ್ಲ ಅಕ್ಕ ಹೇಳುವ ಕಥೆಯೇ ಬೇರೆ. “ಪೊಲೀಸ ಬಂದಿದ್ದ ಬೇ! ನಮ್ಮ ಟೀಚರು ಇಂಗ್ಲಿಷಿನಾಗ ಹಿಂಗ ಮಾತಾಡಿದ್ರು, ಬಾಯಿ ಮುಚಗೊಂಡು ಹೋದ.” ಮೊದಲ ಸಲ ಕೇಳಿದಾಗ ನನ್ನ ಕಿವಿ ಸುಟ್ಟುಹೋಯಿತು. ‘ನೋ’ ಎಂಬುದು ನಮ್ಮ ಓಣಿಯ ಕೂಸಿಗೂ ಗೊತ್ತು. ಅವರು ನಿಂತಿದ್ದು ಹತ್ತೇ ಹೆಜ್ಜೆ ದೂರದಲ್ಲಿ. ನನ್ನ ಮಾನ ಮುಚ್ಚಲೆಂದೇ ಹಾಗೆ ಹೇಳುತ್ತಿದ್ದರೇ? ಕೇಳುವ ಧೈರ್ಯ ಬರಲಿಲ್ಲ. ಓಣಿಯಲ್ಲಿ ನನ್ನ ಮರ್ಯಾದೆ ಹೆಚ್ಚಿತು, ನಾಚಿಕೆಯಿಲ್ಲದೆ ಅದನ್ನೂ ಉಂಡೆ.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡರು. ರೊಟ್ಟಿ ಬಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಅಷ್ಟೆ. ಮಾನ್ವಿಯಲ್ಲಿ ತಂಗಿಯ ಮನೆಗೆ ಹೋಗಿದ್ದ ನಾನು ಓಡಿಬರುವಷ್ಟರಲ್ಲಿ ವಿಭೂತಿ ಹಚ್ಚಿ ಕೂಡಿಸಿದ್ದರು. ಮಗಳು ನನ್ನನ್ನು ಪಕ್ಕದಲ್ಲೇ ಕೂರಿಸಿ, ಅರಕೇರಾದಿಂದ ಬಂದಿದ್ದ ನೆಂಟರಿಗೆ ಹೇಳಿದಳು: “ಇವರ ನೋಡ್ರಿ, ಲಂಡನ್ನಿನಾಗ ನಮ್ಮವ್ವನ ಕೈ ಬಿಡಲಿಲ್ಲ.”

ಮುದುಕಿಯೊಬ್ಬಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. “ಹೌದಾ ಯವ್ವಾ? ನಮ್ಮಾಕಿನ್ನ ಅಷ್ಟು ದೂರದಾಗ ಹಂಗ ನೋಡಿಕೊಂಡೇನು?”

ಅಲ್ಲ ಅನ್ನಬೇಕಿತ್ತು. ಅಕ್ಕನ ಎದುರಿನಲ್ಲೇ, ಅದೊಂದು ಮಾತು.

“ಹೂಂ” ಅಂದೆ.